ಆಲೆಮನೆಯಲ್ಲಿ ಜ್ವರ ಎದ್ದ ಹುಳು

ಕ್ರಿಮಿನಾಶಕದ ಲೋಡು ಹಾಕುವುದಿಲ್ಲ ಎಂದದ್ದಕ್ಕೆ ಮಳವಳ್ಳಿಯ ಗೊಬ್ಬರದ ಅಂಗಡಿಯವರು ನನ್ನನ್ನು ಬಿಟ್ಟು ಬೇರೆ ಗಾಡಿ ನೋಡಿಕೊಂಡರು. ನೋಡಿಕೊಳ್ಳಲಿ ಎಂದುಕೊಂಡೆ. ನನ್ನದು ಒಂದು ಲಗೇಜ್ ಆಟೊ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ತನ್ನದೇ ಹೆಸರು ಬರೆಸಿದ ಗಾಡಿ ಇರುವುದೆಂದರೆ ಸಣ್ಣ ಮಾತಲ್ಲ. ಅದರಲ್ಲಿ ಏನು ತುಂಬಬೇಕು, ಏನು ತುಂಬಬಾರದು ಎಂದು ಹೇಳುವ ಹಕ್ಕನ್ನು ನಾನು ಒಬ್ಬರಿಗೆ ಮಾತ್ರ ಕೊಟ್ಟಿದ್ದೇನೆ. ಅವರು ಹಲಗೂರಿನಾಚೆಯ ಒಂದು ಹಳ್ಳಿಯಲ್ಲಿ ಚಾಕಿ ಕೇಂದ್ರ ನಡೆಸುವ ಹೆಣ್ಣುಮಗಳು. ಸುತ್ತಮುತ್ತಲವರು ಚಾಕಿಯಮ್ಮ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

ಚಾಕಿ ಎಂದರೆ ರೇಷ್ಮೆ ಹುಳುವಿನ ಎಳೆತನ. ಮೊಟ್ಟೆಯಿಂದ ಬಂದಾಗ ಹುಳು ಕರಿಎಳ್ಳಿನ ಚೂರಿನಷ್ಟು ಇರುತ್ತದೆ. ಅದಕ್ಕೆ ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕಿ, ಎರಡನೇ ಜ್ವರದವರೆಗೆ ಸಾಕಿ ರೈತರ ಹುಳು ಮನೆಗೆ ತಲುಪಿಸುವುದು ಚಾಕಿಯಮ್ಮನ ಕಸುಬು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗಲೇ ಸಾಗಿಸಬೇಕು. ತಲುಪುವ ಹೊತ್ತಿಗೆ ಎದ್ದು, ಅಲ್ಲಿನ ಸೊಪ್ಪಿಗೆ ಬಾಯಿ ಹಾಕಬೇಕು. ಜ್ವರದ ಹುಳುವಿಗೆ ನೆರಳು ಬೇಕು, ಗಾಳಿ ಬೇಕು, ತೇವ ಮಾತ್ರ ಸೋಕಬಾರದು. ಅದಕ್ಕೆಂದೇ ಟ್ರೇಗಳ ಮೇಲೆ ಸುಣ್ಣದ ಪುಡಿ ಉದುರಿಸಿ ಒಣಗಿಸಿರುತ್ತಾರೆ. ತೇವ ತಗುಲಿದರೆ ಪೊರೆ ಮೈಗೇ ಅಂಟಿ ಹುಳು ಹಾಗೇ ಕೂತು ಸಾಯುತ್ತದೆ. ಸಾಯದೆ ಉಳಿದದ್ದಕ್ಕೆ ಹಾಲು ತೊಂಡೆ ರೋಗ ಬಂದು ಜೊತೆಯ ಹುಳುವಿಗೂ ಹತ್ತುತ್ತದೆ.

ಹಿಂದಿನ ದಿನ ಗಾಡಿಯ ತೊಟ್ಟಿಯನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದೆ. ಬೀಡಿ ಸೇದಿದ ಕೈ ಹುಳುವಿನ ಹತ್ತಿರ ಸುಳಿಯುವಂತಿಲ್ಲವಾದ್ದರಿಂದ ಈ ಕೆಲಸ ಒಪ್ಪಿಕೊಂಡಾಗಲೇ ನಾನು ಬೀಡಿ ಬಿಟ್ಟಿದ್ದೆ. ಕಟ್ಟಿಕೊಂಡವಳು ಹೇಳಿದ್ದಕ್ಕೆ ಬಿಡದವನು ಹುಳುವಿಗೋಸ್ಕರ ಬಿಟ್ಟ ಎಂದು ಮನೆಯಲ್ಲಿ ಇವತ್ತಿಗೂ ಹಂಗಿಸುತ್ತಾರೆ.

ಅವತ್ತಿನ ಲೋಡು ಮದ್ದೂರಿನಾಚೆಯ ಹಳ್ಳಿಗಳಿಗೆ. ಆ ಕಡೆಗೆ ಅದೇ ಮೊದಲು. ಅಲ್ಲಿಯ ಒಬ್ಬ ರೈತ ಹಲಗೂರಿನ ಹತ್ತಿರ ತಂಗಿಯ ಮನೆಗೆ ಬಂದಿದ್ದಾಗ ನಮ್ಮ ಹುಳು ನೋಡಿ, ತಾನೂ ಒಪ್ಪಿ, ಸುತ್ತಲ ನಾಲ್ಕಾರು ಜನರನ್ನೂ ಒಪ್ಪಿಸಿದ್ದ. ಅವರೆಲ್ಲ ತಾವು ಹುಳು ತರುತ್ತಿದ್ದ ಹಳೆಯ ದೊಡ್ಡ ಕೇಂದ್ರ ಬಿಟ್ಟು ಬಂದವರು. ಚಾಕಿಯಮ್ಮ ಹಿಂದೆ ಇನ್ನೊಬ್ಬರ ಕೇಂದ್ರದಲ್ಲಿ ಸೊಪ್ಪು ಕತ್ತರಿಸುವ ಕೂಲಿಗೆ ಹೋಗುತ್ತಿದ್ದವರು. ನೋಡಿ ಕಲಿತು, ಹೊಲದ ಮೂಲೆಯಲ್ಲಿ ಶೀಟಿನ ಮನೆ ಎಬ್ಬಿಸಿ ಸ್ವಂತಕ್ಕೆ ಶುರು ಮಾಡಿ ಎರಡನೇ ವರ್ಷ. ಗಂಡ ಬ್ಲಫ್ ಎಂಬ ಊರಿನ ಪವರ್‌ಹೌಸಿನಲ್ಲಿ ಪಾಳಿ ಕೆಲಸದವನು, ಹುಳುವಿನ ಉಸಾಬರಿಗೆ ಬರುವವನಲ್ಲ. ಈ ಕಸುಬಿಗೆ ಬೋರ್ಡು ಜಾಹೀರಾತು ಏನೂ ಇಲ್ಲ. ಒಂದು ಚಾಕಿ ಕೆಟ್ಟಿತು ಎಂದು ಒಂದು ಊರಲ್ಲಿ ಮಾತಾದರೆ ಆ ಕಡೆಯ ದಾರಿಯೇ ಮುಚ್ಚಿದಂತೆ. ಅದಕ್ಕೇ ಅವತ್ತು ಆಕೆಯೂ ಗಾಡಿಯಲ್ಲಿ ನನ್ನ ಪಕ್ಕ ಕೂತು ಹೊರಟರು.

ಬೆಳಗಿನ ತಂಪಿಗೇ ಮಳವಳ್ಳಿ ದಾಟಿದೆವು. ಮದ್ದೂರು ಇನ್ನೂ ದೂರ ಇರುವಾಗಲೇ ಒಂದು ಊರಿನ ಸರ್ಕಲ್ಲಿನಲ್ಲಿ ರಸ್ತೆಗೆ ಅಡ್ಡ ಎತ್ತಿನಗಾಡಿ, ಟ್ರ್ಯಾಕ್ಟರ್ ನಿಂತಿದ್ದವು. ನಾಲೆಗೆ ನೀರು ಬಿಡಿ ಎಂದು ಹಸಿರು ಟವಲ್ಲಿನವರು ಕೂತಿದ್ದರು. ನಾನು ರಿವರ್ಸ್ ಹಾಕುವಷ್ಟರಲ್ಲಿ ಹಿಂದೆ ಒಂದು ಬಸ್ಸು, ಅದರ ಹಿಂದೆ ಕೋಳಿ ಗಾಡಿ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ಗಾಡಿಗಳು ಬಂದು ನಿಂತವು. ಒಂದು ಕಡೆ ಒಣಗಿದ ನಾಲೆ, ಇನ್ನೊಂದು ಕಡೆ ಗದ್ದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ನಾನು ಇಳಿದು ಹೋಗಿ ಗಾಡಿಯಲ್ಲಿ ಚಾಕಿ ಹುಳು ಇದೆ, ಬಿಸಿಲೇರುವ ಮುಂಚೆ ಬಿಡಿ ಎಂದು ಕೇಳಿದೆ. ಟ್ರ್ಯಾಕ್ಟರ್ ಮೇಲೆ ಕೂತಿದ್ದ ಒಬ್ಬ, ನನ್ನ ಮಗನ ವಯಸ್ಸಿನವನು, ಜೊತೆಯವರ ಕಡೆ ತಿರುಗಿ ನಕ್ಕ.

"ಉಳಾನಾ? ನಮ್ ಬೆಳೇಲಿ ಬೇಕಾದಷ್ಟವೆ, ಅವ್ನೂ ತುಂಬ್ಕೊಂಡೋಗ್ಲಾ."

ಗುರುತಿಲ್ಲದ ಹುಡುಗ ಲಾ ಅಂದದ್ದು ಮೈಗೆ ಬೆಂಕಿ ಇಟ್ಟಂತಾಯಿತು. ನನ್ನ ಬಾಯಿಂದ ಏನು ಬರುತ್ತಿತ್ತೋ, ಅಷ್ಟರಲ್ಲಿ ಚಾಕಿಯಮ್ಮ ಇಳಿದು ಬಂದು ನನ್ನನ್ನು ಹಿಂದಕ್ಕೆ ಕಳಿಸಿದರು. ಧರಣಿ ಕೂತವರ ಮುಖಂಡನ ಹತ್ತಿರ ತಾವೇ ಹೋಗಿ ವಿಷಯ ಹೇಳಿದರು. ಆತ ಕೆಟ್ಟವನಲ್ಲ. ಆಂಬುಲೆನ್ಸು, ಹಾಲಿನ ಗಾಡಿ ಬಿಡುತ್ತೇವೆ, ಬೇರೆ ಯಾವುದೂ ಇಲ್ಲ ಎಂದ.

"ನಿನ್ ಉಳ ಬುಟ್ರೆ ಕೋಳಿ ಗಾಡಿಯವ್ನೂ ಕೇಳ್ತನೆ, ತರಕಾರಿಯವ್ನೂ ಕೇಳ್ತನೆ. ಆಮೇಲೆ ನಾವು ಯಾರಿಗೋಸ್ಕರ ಕುಂತಿರಾದವ್ವಾ ಇಲ್ಲಿ?"

ಆಕೆ ಗಾಡಿಯ ಹತ್ತಿರ ಬಂದು ಟಾರ್ಪಾಲಿನ ಅಂಚು ಎತ್ತಿ, ಗಾಳಿ ಆಡಲು ಎರಡೂ ಕಡೆ ಕಡ್ಡಿ ಸಿಗಿಸಿದರು.

ಬಿಸಿಲು ಏರಿತು. ರಸ್ತೆ ನಿಂತರೂ ವ್ಯಾಪಾರ ನಿಲ್ಲುವುದಿಲ್ಲ ಎಂಬುದನ್ನು ಅವತ್ತು ಕಂಡೆ. ಪಕ್ಕದ ಊರಿನ ಹೆಂಗಸೊಬ್ಬಳು ಮೊಪೆಡ್‌ನಲ್ಲಿ ತಟ್ಟೆ ಇಡ್ಲಿಯ ಪಾತ್ರೆ ಕಟ್ಟಿಕೊಂಡು ಗದ್ದೆ ಬದುವಿನ ಮೇಲೇ ಬಂದಳು. ಬಸ್ಸಿನಲ್ಲಿ ವಡೆ ಮಾರುವವನು ಬಸ್ಸಿಳಿದು, ನಿಂತ ಗಾಡಿಗಳ ಉದ್ದಕ್ಕೂ ನಡೆದು ಬುಟ್ಟಿ ಖಾಲಿ ಮಾಡಿ, ಮತ್ತೆ ತುಂಬಿಸಿಕೊಂಡು ಬಂದ. ಇನ್ನೊಬ್ಬ ಸೌತೆಕಾಯಿಗೆ ಉಪ್ಪುಖಾರ ಸವರಿಕೊಂಡು ನಿಂತಿದ್ದ. ನೋಡಲು ಮನಸ್ಸಿಗೆ ಹಿತವೇ. ಬೇರೆ ದಿನವಾಗಿದ್ದರೆ ನಿಂತು ಮಾತಾಡಿಸುತ್ತಿದ್ದೆ. ಅವರ ಸರಕು ಜನ ನಿಂತಷ್ಟೂ ಖರ್ಚಾಗುತ್ತದೆ, ನಮ್ಮದು ನಿಂತಷ್ಟೂ ಸಾಯುತ್ತದೆ.

ಆಕೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಸೊಪ್ಪು ಕೊಯ್ದಿಟ್ಟಿದ್ದೇವೆ, ಎಲ್ಲಿದ್ದೀರಿ ಎಂದು ಒಬ್ಬೊಬ್ಬರೇ ಕೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಫೋನು ಮಾಡಿದವನು ಮೊದಲು ಒಪ್ಪಿ ಬೇರೆಯವರನ್ನೂ ಒಪ್ಪಿಸಿದ್ದ ಆ ರೈತನೇ. ಅವನದು ಕೊನೆಯ ಊರು. ಅವನ ಟ್ರೇಗಳನ್ನು ಕೊನೆಗೆ ಇಳಿಸಬೇಕಾದ್ದರಿಂದ ಮೊದಲು ತುಂಬಿ, ಕ್ಯಾಬಿನ್ನಿಗೆ ಒತ್ತಿ ಒಂದು ಸಾಲು ಜೋಡಿಸಿದ್ದೆವು.

ಗದ್ದೆಯ ನಡುವೆ ಎಲ್ಲಾದರೂ ಗಾಡಿ ನುಗ್ಗುವ ದಾರಿ ಇದೆಯೇ ನೋಡಿ ಬರುತ್ತೇನೆ ಎಂದು ನಾನು ಹೊರಟೆ. ಆಕೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದೆ ಸರ್ಕಲ್ಲಿನ ಕಡೆ ಹೋಗಿದ್ದರು. ದಾರಿ ಇರಲಿಲ್ಲ. ತಿರುಗಿ ಬಂದಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು.

ಟಾರ್ಪಾಲಿನ ಮೇಲೆ ಕೊಡದಿಂದ ನೀರು ಹೊಯ್ಯುತ್ತಾ ನಿಂತಿದ್ದವನು ಒಬ್ಬ ಮುದುಕ. ಹೆಗಲ ಮೇಲೆ ಹಸಿರು ಟವಲ್ಲು. ನನ್ನನ್ನು ಕಂಡು, ಒಳ್ಳೆಯ ಕೆಲಸ ಮಾಡಿದವನ ಹಾಗೆ ಕೊಡ ಕೆಳಗಿಟ್ಟ. ನಾನು ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಓಡಿಬಂದ ಚಾಕಿಯಮ್ಮನಿಗೆ ಅವನು ಹೇಳಿದ:

"ಬಿಸ್ಲಲ್ಲಿ ಬೆಂದೋಯ್ತವೆ ಅಂತ ಬಾವಿಯಿಂದ ಸೇದ್ಕೊಂಡ್ ಬಂದು ಉಯ್ದೆ ಕಣವ್ವ. ನಮ್ ಎಲೆ ಪೆಂಡಿಗೆ ಇಂಗೇ ಮಾಡಾದು."

ಅವನದು ವೀಳ್ಯದೆಲೆ ತೋಟ. ಎಲೆಯ ಪೆಂಡಿಗೆ ಒದ್ದೆ ಗೋಣಿ ಸುತ್ತಿ, ದಾರಿಯುದ್ದಕ್ಕೂ ನೀರು ಚಿಮುಕಿಸಿ ಸಂತೆಗೆ ಸಾಗಿಸಿ ತಲೆ ನರೆತವನು. ಎಲೆ ಬದುಕುವುದು ಹಾಗೆ. ಗಾಡಿಯಲ್ಲಿ ಜೀವ ಇದೆ ಎಂದು ಕೇಳಿದ ಮೇಲೆ ಅವನಿಗೆ ಗೊತ್ತಿದ್ದ ಉಪಕಾರ ಅದೊಂದೇ.

ಟಾರ್ಪಾಲು ತೆಗೆದೆವು. ಕ್ಯಾಬಿನ್ ಕಡೆ ಅದು ಜಗ್ಗಿತ್ತು. ನೀರೆಲ್ಲ ಅಲ್ಲಿ ನಿಂತು, ಹೊಲಿಗೆಯಿಂದ ಇಳಿದು, ಆ ಒಂದು ಸಾಲಿನ ಟ್ರೇಗಳಲ್ಲಿ ಮೇಲಿನಿಂದ ಕೆಳಗಿನವರೆಗೂ ಸುಣ್ಣ ಕೆಸರಾಗಿತ್ತು. ಕೊನೆಯ ಊರಿನವನ ಸಾಲು. ಉಳಿದವು ಒಣಗಿದ್ದವು. ಆಕೆ ಒಂದು ಟ್ರೇ ಎಳೆದು, ಬಗ್ಗಿ, ಬಹಳ ಹೊತ್ತು ನೋಡಿದರು. ಬೈಯುವ ಬದಲು ಮುದುಕನಿಗೆ ತೇವ ಯಾಕೆ ಸೋಕಬಾರದು ಎಂದು ತಿಳಿಸಿ ಹೇಳಿದರು. ನನಗೆ ಅದು ಆಗ ಅರ್ಥವಾಗಲಿಲ್ಲ, ಸಿಟ್ಟೇ ಬಂತು.

ವಿಷಯ ತಿಳಿದ ಮೇಲೆ ಮುದುಕ, ಪಕ್ಕದ ಮನೆಯವರ ಹುಳು ಮನೆ ಖಾಲಿ ಇದೆ, ಅಲ್ಲಿಗೆ ಇಳಿಸೋಣ ಎಂದ. ನಾನೂ ಅದೇ ಸರಿ ಎಂದೆ. ಆಕೆ ಒಪ್ಪಲಿಲ್ಲ. ಬೇರೆಯವರ ಹುಳು ಮನೆಯಲ್ಲಿ ಯಾವ ಬೆಳೆಯಲ್ಲಿ ಯಾವ ರೋಗ ಬಂದಿತ್ತೋ, ತೊಳೆದರೋ ಬಿಟ್ಟರೋ. ಚಾಕಿಯನ್ನು ಅಲ್ಲಿಗೆ ಒಯ್ದರೆ ಇಲ್ಲಿಯ ರೋಗವನ್ನು ನಾವೇ ಊರೂರಿಗೆ ಹಂಚಿದಂತೆ. ಗಾಡಿಯಲ್ಲೇ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಣಗಿದ್ದವೂ ಉಳಿಯುವುದಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಆಕೆ ಮುದುಕನನ್ನು ಕೇಳಿದರು:

"ತಾತ, ಈ ಊರಲ್ಲಿ ಯಾವತ್ತೂ ಉಳ ಸಾಕ್ದೆ ಇರೋ ಜಾಗ ಯಾವ್ದದೆ? ನೆಳ್ಳಿರ್ಬೇಕು, ಗಾಳಿ ಆಡ್ಬೇಕು, ಒಣುಗ್ಲಾಗಿರ್ಬೇಕು."

ಅವನು ಯೋಚಿಸಿ, ಗದ್ದೆಯಾಚೆ ಕೈ ತೋರಿಸಿದ. ಅವನ ಅಳಿಯನ ಆಲೆಮನೆ. ಕಬ್ಬಿಲ್ಲದೆ ಬೆಲ್ಲದ ಕೆಲಸ ನಿಂತಿತ್ತು. ಎತ್ತರದ ಸೂರು, ನಾಲ್ಕೂ ಕಡೆ ಗಾಳಿ, ಒಲೆ ಆರಿ ಬಹಳ ದಿನ.

ಗಾಡಿ ಹೋಗುವಂತಿರಲಿಲ್ಲ, ಟ್ರೇಗಳನ್ನು ಬದುವಿನ ಮೇಲೆ ಕೈಯಲ್ಲೇ ಒಯ್ಯಬೇಕು. ಜ್ವರದ ಹುಳು ಕಾಲಡಿಗೆ ಎಳೆ ಬಿಟ್ಟು ಹಿಡಿದು ಕೂತಿರುತ್ತದೆ. ಟ್ರೇ ವಾಲಿದರೆ, ಕುಲುಕಿದರೆ ಹಿಡಿತ ತಪ್ಪಿ ಪೊರೆ ಕಳಚಲಾರದು. ಮುದುಕ ಹೋಗಿ ಜನ ಕರೆತಂದ. ನನಗೆ ಲಾ ಅಂದ ಹುಡುಗನೂ ಬಂದಿದ್ದ. ಚಾಕಿಯಮ್ಮ ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಿದವರು ದೂರ ನಿಲ್ಲಿ ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದಕ್ಕೆ ಸರಿದರು, ಆ ಹುಡುಗ ಮೊದಲು. ಸೋಪು ಹಾಕಿ ಕೈ ತೊಳೆದು ನಿಂತ ಗಂಡಸು ನಾನೊಬ್ಬನೇ. ಉಳಿದವರೆಲ್ಲ ಧರಣಿಗೆ ಬಂದಿದ್ದ ಹೆಂಗಸರು. ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುವ ಇಬ್ಬರು ಅಜ್ಜಿಯರು ಮಾತ್ರ ನಗುತ್ತಾ ಪಕ್ಕಕ್ಕೆ ಹೋದರು.

"ತುಂಬಿದ್ ಸಾರಿನ್ ಪಾತ್ರೆ ಇಡ್ಕೊಂಡಂಗೆ ನಡೀರವ್ವ" ಎಂದು ಆಕೆ ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದರು. ಒಂದೂ ಟ್ರೇ ವಾಲಲಿಲ್ಲ.

ಆಲೆಮನೆಗೆ ಕಾಲಿಟ್ಟ ಕೂಡಲೇ ಇನ್ನೊಂದು ಕಾಟ. ಬೆಲ್ಲ ಬೇಯಿಸುವ ಜಾಗ, ನೆಲದ ತುಂಬ ಇರುವೆ ಸಾಲು. ಇರುವೆ ಹತ್ತಿದರೆ ಜ್ವರಕ್ಕೆ ಕೂತ ಹುಳುವಿಗೆ ಓಡಲಾಗದು. ಆಗ ನನ್ನ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ಒಂದರೊಳಗೊಂದು ಸೇರಿಸಿಟ್ಟಿದ್ದ ಬಕೆಟ್‌ಗಳು, ಬಕೆಟ್ ಬೆಲ್ಲ ಹೊಯ್ಯುವವು. ಅವನ್ನು ತೊಳೆದು ನೀರು ತುಂಬಿ, ಮುದುಕನ ಮನೆಯಿಂದಲೂ ಅಕ್ಕಪಕ್ಕದಿಂದಲೂ ಮಂಚ ತರಿಸಿ, ಒಂದೊಂದು ಕಾಲನ್ನು ಒಂದೊಂದು ಬಕೆಟ್ಟಿನಲ್ಲಿ ನಿಲ್ಲಿಸಿದೆವು. ಮಂಚದ ಮೇಲೆ ಟ್ರೇ. ಇರುವೆಗಳು ನೀರಿನವರೆಗೆ ಬಂದು ತಿರುಗಿ ಹೋದವು. ಹೊಸ ಸುಣ್ಣವೂ ಅಲ್ಲೇ ಸಿಕ್ಕಿತು. ಕಬ್ಬಿನ ಹಾಲಿನ ಕೊಳೆ ತೆಗೆಯಲು ಹಾಕುತ್ತಾರಲ್ಲ, ಆ ಸುಣ್ಣದ ಪುಡಿ ಒಂದು ಡಬ್ಬದಲ್ಲಿ ಮುಚ್ಚಿಟ್ಟಿತ್ತು. ಒದ್ದೆಯಾದ ಸಾಲನ್ನು ಬೇರೆ ಮಂಚದ ಮೇಲೆ, ದೂರದ ಮೂಲೆಯಲ್ಲಿ ಇಡಿಸಿ, ಅದರ ಮೇಲೆ ಆಕೆಯೇ ತೆಳ್ಳನೆ ಬಟ್ಟೆಯಲ್ಲಿ ಸುಣ್ಣ ಸೋಸಿ ಉದುರಿಸಿದರು.

ಆಮೇಲೆ ಕಾಯುವುದು. ಹೊತ್ತು ಇಳಿಯುವಾಗ ಒಣಗಿದ ಟ್ರೇಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳು ಪೊರೆ ಬಿಟ್ಟು ತಲೆ ಆಡಿಸತೊಡಗಿತು. ಅದನ್ನು ಕಂಡು ಹೆಂಗಸೊಬ್ಬಳು ತನ್ನ ತೋಟದಿಂದ ಮಂಕರಿ ತುಂಬ ಎಳೆ ಸೊಪ್ಪು ತಂದಳು. ಚಾಕಿಯಮ್ಮ ಹಾಕಲಿಲ್ಲ. ಮೊದಲು ಎದ್ದವಕ್ಕೆ ಮೇವು ಸಿಕ್ಕಿದರೆ ಅವು ಮುಂದೆ ಹೋಗುತ್ತವೆ, ತಡವಾಗಿ ಎದ್ದವು ಹಿಂದೆ ಉಳಿಯುತ್ತವೆ, ಕೊನೆಗೆ ಗೂಡು ಕಟ್ಟುವಾಗ ಅರ್ಧ ಹಣ್ಣು, ಅರ್ಧ ಕಾಯಿ. ಅದೂ ಅಲ್ಲದೆ ಆ ತೋಟದ ಪಕ್ಕ ಟೊಮೇಟೊ ಇತ್ತು. ಔಷಧಿ ಹೊಡೆದದ್ದು ಯಾವಾಗಲೋ ಯಾರಿಗೆ ಗೊತ್ತು. ಸೊಪ್ಪು ತಂದವಳಿಗೆ ಬೇಸರವಾಗದ ಹಾಗೆ ಅದನ್ನು ತಿಳಿಸಿ ಹೇಳಿದರು. ಹಸಿದ ಹುಳು ತಲೆ ಎತ್ತಿ ಗಾಳಿಯಲ್ಲಿ ಹುಡುಕುವುದನ್ನು ನೋಡುತ್ತಾ ಸುಮ್ಮನೆ ಕೂರುವುದು ನನ್ನಂಥವನಿಗೆ ಲೋಡು ಎತ್ತುವುದಕ್ಕಿಂತ ಕಷ್ಟದ ಕೆಲಸ.

ಸಂಜೆ ಹೊತ್ತಿಗೆ ಒಣ ಟ್ರೇಗಳು ಬಹುಪಾಲು ಎದ್ದವು. ದೂರದ ಮೂಲೆಯಲ್ಲಿ ಕೆಲವು ಎದ್ದಿದ್ದವು, ಹೆಚ್ಚಿನವು ಇಲ್ಲ. ಮುದುಕ ತಡೆಯಲಾರದೆ ಹೇಳಿದ, "ಈ ಮೂಲೇಲಿ ಎದ್ದಿರಾವ್ನ ಎಲ್ಲಾ ಟ್ರೇಗೂ ಅಷ್ಟಷ್ಟು ಬೆರೆಸ್ಬುಡವ್ವ. ಅವ್ರಿಂದ ಒಸಿ ಇವ್ರಿಂದ ಒಸಿ ತಗ್ದು ಆ ಕೊನೇ ಊರಿನವ್ನಿಗೂ ಒಂದ್ ಪಾಲ್ ಮಾಡು. ಈ ಉಳಾನ ಯಾರು ಎಣಿಸ್ತರೆ?"

ನಿಜ. ಅಷ್ಟು ಸಣ್ಣ ಹುಳುವನ್ನು ಯಾರೂ ಎಣಿಸುವುದಿಲ್ಲ. ಈ ಕಸುಬಿನಲ್ಲಿ ಹಾಗೆ ಮಾಡುವವರಿಲ್ಲ ಎಂದೂ ನಾನು ಹೇಳಲಾರೆ. ಬೆಳೆ ಕೆಟ್ಟರೆ ಹವಾಮಾನ, ಸೊಪ್ಪು, ರೈತನ ಕೈಗುಣ ಎಂದು ಹೇಳಲು ಹತ್ತು ದಾರಿ ಇವೆ. ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಕಡೆ ನೋಡದೆ, "ಗುಂಡಿ ತೋಡಣ್ಣ" ಎಂದರು.

ಆಲೆಮನೆಯ ಹಿಂದೆ, ಕಬ್ಬಿನ ಸಿಪ್ಪೆ ಹಾಕುವ ಜಾಗದ ಆಚೆ, ಹಾರೆ ಇಸಿದುಕೊಂಡು ತೋಡಿದೆ. ಆಕೆ ಆ ಸಾಲಿನ ಟ್ರೇಗಳನ್ನು ಒಂದೊಂದಾಗಿ ತಂದು, ಎದ್ದವನ್ನೂ ಏಳದವನ್ನೂ ಒಟ್ಟಿಗೇ ಗುಂಡಿಗೆ ಹಾಕಿ ಸುಣ್ಣ ಸುರಿದರು. ಎದ್ದಿದ್ದವು ಸುಣ್ಣದ ಕೆಳಗೂ ತಲೆ ಆಡಿಸುತ್ತಿದ್ದವು. ಆಕೆಯೇ ಕೈಯಾರೆ ಮೊಟ್ಟೆಯಿಂದ ಎಬ್ಬಿಸಿದ ಹುಳು. ಮಣ್ಣು ಎಳೆಯುವಾಗ ಆಕೆ ಪಕ್ಕಕ್ಕೆ ತಿರುಗಿ ನಿಂತರು. ಮುದುಕ ಟವಲ್ಲು ಬಾಯಿಗೆ ಒತ್ತಿಕೊಂಡು ದೂರ ಕೂತಿದ್ದ.

ಯಾರೋ ಅಧಿಕಾರಿ ಬಂದು ಮಾತಾಡಿದ ಮೇಲೆ ರಸ್ತೆ ತೆರೆದರು. ಅದೇ ಹೆಂಗಸರು ಟ್ರೇಗಳನ್ನು ಗಾಡಿಗೆ ಮುಟ್ಟಿಸಿದರು. ದೀಪ ಹಚ್ಚುವ ಹೊತ್ತಿಗೆ ಮದ್ದೂರು ದಾಟಿ ಒಂದೊಂದೇ ಊರಿಗೆ ತಲುಪಿಸಿದೆವು. ಪ್ರತಿ ಮನೆಯಲ್ಲೂ ಆಕೆ ಬಾಗಿಲಲ್ಲೇ ನಿಂತು ನಡೆದದ್ದನ್ನು ಪೂರ್ತಿ ಹೇಳಿ, ಬೇಡ ಎಂದರೆ ವಾಪಸ್ ಒಯ್ಯುತ್ತೇನೆ ಎಂದರು. ಒಬ್ಬ ಬೇಡ ಎಂದ. ಉಳಿದವರು ಟಾರ್ಚು ಹಿಡಿದು ನೋಡಿ ಇಳಿಸಿಕೊಂಡರು. ಬೇಡ ಎಂದವನ ಪಾಲನ್ನು ಕೊನೆಯ ಊರಿನವನಿಗೆ ಕೊಡಬಹುದಲ್ಲ ಎಂದು ಆಸೆಯಿಂದ ಕೇಳಿದೆ. ಅದು ಅವನಿಗೆ ಬೇಕಾದ್ದರಲ್ಲಿ ಕಾಲು ಭಾಗವೂ ಆಗುವುದಿಲ್ಲ, ಅಷ್ಟಕ್ಕೆ ಒಂದು ಬೆಳೆ ಎತ್ತುವ ಹಾಗಿಲ್ಲ ಎಂದು ಆಕೆ ಹೇಳಿದರು.

ಖಾಲಿ ಟ್ರೇ ಹೊತ್ತು ಕೊನೆಯ ಊರಿಗೆ ಹೋಗುವುದು ಬೇಡ, ಫೋನಿನಲ್ಲಿ ಹೇಳಿ ಎಂದೆ. ಆಕೆ ಕೇಳಲಿಲ್ಲ. ಅವನು ಹುಳು ಮನೆ ತೊಳೆದು, ಬಾಗಿಲಿಗೆ ಸುಣ್ಣದ ಗೆರೆ ಎಳೆದು, ಸೊಪ್ಪು ರಾಶಿ ಹಾಕಿ ಒದ್ದೆ ಬಟ್ಟೆ ಮುಚ್ಚಿ ಕಾದಿದ್ದ. ಆಕೆ ಹೇಳಿದ್ದನ್ನೆಲ್ಲ ಕೇಳಿದ. ಗಾಡಿಯ ಹತ್ತಿರ ಬಂದು ಖಾಲಿ ಟ್ರೇಗಳ ಮೇಲೆ ಟಾರ್ಚು ಬಿಟ್ಟು ನೋಡಿದ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಊರೋರ್ನೆಲ್ಲ ನಾನೇ ಒಪ್ಸಿದ್ದು. ಅವ್ರ್ ಮನೆಗೆಲ್ಲಾ ಉಳ ಬಂತು, ನನ್ ಮನೆಗಿಲ್ಲ" ಎಂದ. ಟಾರ್ಚು ತಗ್ಗಿಸಿ, "ನಾಳೆ ಅಳೇ ಕೇಂದ್ರದಿಂದ್ಲೇ ತತ್ತೀನಿ ಕಣವ್ವ. ಸೊಪ್ಪು ಬಲ್ತೋದ್ರೆ ನಾನೇನ್ ತಿನ್ನದು?"

ಆಕೆ ತನ್ನಿ ಎಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಎದ್ದಿರೋ ಉಳದ್ ತಲೆ ದಪ್ಪ ಇರ್ತದೆ, ಮೈ ಸುಕ್ಕಿರ್ತದೆ. ಅಂಥಾವ್ನೇ ತನ್ನಿ. ಮೈ ಮಿರಮಿರ ಅಂತಿದ್ರೆ ಬ್ಯಾಡಿ, ಅದು ಹಾಲು ತೊಂಡೆ. ಎಲ್ಲಾ ಒಂದೇ ಸಮ ಅವಾ ನೋಡಿ" ಎಂದು ಅವನ ಕೈಯಿಂದ ಟಾರ್ಚು ಇಸಿದುಕೊಂಡು, ಬೇಡ ಎಂದವನ ಟ್ರೇಯಲ್ಲಿ ಒಂದು ಹುಳು ತೋರಿಸಿ ಕಲಿಸಿದರು. ತನ್ನ ಗಿರಾಕಿಗೆ ಎದುರಾಳಿಯ ಸರಕು ಆರಿಸುವುದನ್ನು ಹೇಳಿಕೊಡುವ ವ್ಯಾಪಾರಸ್ಥರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಆ ಕಡೆಯ ದಾರಿ ಅರ್ಧ ಮುಚ್ಚಿತು. ಹುಳು ಇಳಿಸಿಕೊಂಡವರಿಗೆ ಬೆಳೆ ಬಂತು, ಒಬ್ಬನಿಗೆ ಮಾತ್ರ ರೋಗ ಬಿತ್ತು. ಅವನು ರಸ್ತೆಯಲ್ಲಿ ಕೆಟ್ಟ ಚಾಕಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅಲ್ಲ ಎಂದು ಸಾಬೀತು ಮಾಡಲು ನಮ್ಮ ಹತ್ತಿರ ಏನೂ ಇಲ್ಲ. ಈಗ ಮದ್ದೂರಿನಾಚೆ ಇಬ್ಬರೇ ಉಳಿದಿದ್ದಾರೆ, ಗಾಡಿ ಅರ್ಧ ಖಾಲಿ ಓಡುತ್ತದೆ. ಆದರೂ ಓಡಿಸುತ್ತೇವೆ.

ಕೊನೆಯ ಊರಿನವನು ಅವತ್ತು ಹೇಳಿದಂತೆ ಹಳೆಯ ಕೇಂದ್ರದಿಂದಲೇ ತಂದ. ಬೆಳೆ ಚೆನ್ನಾಗಿ ಬಂತಂತೆ. ಇವತ್ತಿಗೂ ಅಲ್ಲಿಂದಲೇ ತರುತ್ತಾನೆ. ಆದರೆ ಪ್ರತಿ ಸಲ ತರುವ ಮುಂಚೆ ಅಲ್ಲಿ ನಿಂತುಕೊಂಡೇ ಚಾಕಿಯಮ್ಮನಿಗೆ ಫೋನು ಮಾಡುತ್ತಾನೆ. ಹುಳು ಹೀಗಿದೆ, ಮೈ ಹೀಗಿದೆ, ತಗೊಳ್ಳಲೋ ಬೇಡವೋ ಎಂದು ಕೇಳುತ್ತಾನೆ. ಮೊನ್ನೆ ಟ್ರೇ ತುಂಬುತ್ತಿದ್ದಾಗಲೂ ಬಂತು. ಸೊಪ್ಪು ಕತ್ತರಿಸುವುದನ್ನು ಬಿಟ್ಟು ಆಕೆ ಅಷ್ಟುದ್ದ ವಿಚಾರಿಸಿ, ಆ ತಂಡದ ಹುಳು ಬೇಡ, ಹಿಂದಿನ ತಂಡದ್ದು ಕೇಳಿ ಎಂದರು.

ನನಗೆ ತಡೆಯಲಾಗಲಿಲ್ಲ. ನಮ್ಮ ಹತ್ತಿರ ತಗೊಳ್ಳದವನಿಗೆ ನೀವು ಯಾಕೆ ಹೇಳಬೇಕು, ಅವನ ಫೋನು ಎತ್ತಬೇಡಿ ಎಂದು ರೇಗಿದೆ. ಆಕೆ ಫೋನನ್ನು ಸೆರಗಿಗೆ ಒರೆಸಿ ಗೋಡೆಯ ಗೂಡಿನಲ್ಲಿಟ್ಟು, ಕೈ ತೊಳೆದು ಬಂದು, ಮತ್ತೆ ಚಾಕು ಹಿಡಿದರು.

"ಉಳ ಏನ್ ಮಾಡಿತ್ತಣ್ಣ?" ಎಂದರು.